ಪುಟ್ಟಮಾದಯ್ಯನವರ ಜ್ಞಾಪಕಾರ್ಥ

ತುಂಬಿದ ಡ್ರಮ್ಮು ಸುಲಭಕ್ಕೆ ಉರುಳಲಿಲ್ಲ. ಸಿದ್ದರಾಮು ಎರಡೂ ಕೈಯಿಂದ ಅದರ ಕಂಠ ಹಿಡಿದು ಬಗ್ಗಿಸಿದ. ಒಳಗಿನ ನೀರು ಅತ್ತಿತ್ತ ತೂಗಿ, ಡ್ರಮ್ಮು ಮತ್ತೆ ನೆಟ್ಟಗೆ ನಿಂತಿತು. ಕೊನೆಗೆ ಭುಜ ಕೊಟ್ಟು ನೂಕಿದಾಗ ನೀರು ಅಂಗಳದ ತುಂಬ ಹರಿದು ಕರಿಬೇವಿನ ಬುಡಕ್ಕೆ ನುಗ್ಗಿತು. ಅಲ್ಲಿ ಮಣ್ಣು ಕೆದಕುತ್ತಿದ್ದ ಕೋಳಿಗಳು ಕೂಗುತ್ತ ಜಗುಲಿ ಹತ್ತಿದವು.

"ಅಯ್ಯೋ ನಿನ್ ಕೈ ಸೇದೋಗ!" ಮುದ್ದೆ ತಿರುವುತ್ತಿದ್ದ ಹೆಂಡತಿ ಬೆಳ್ಳಮ್ಮ ಹಿಟ್ಟಿನ ಕೈಯಲ್ಲೇ ಹೊರಗೆ ಬಂದಳು. "ನಲ್ಲಿಗೆ ಯಾವಾಗ ನೀರು ಬುಡ್ತಾರೋ ಆ ಸಿವನಿಗೇ ಗೊತ್ತಿಲ್ಲ. ಬೆಳಕರಿಯೋ ಮುಂಚೆ ಎದ್ದು ಕೊಡ ಕೊಡ ಒತ್ತು ತುಂಬ್ಸಿದ್ದೀನಿ. ಏರ್‌ಪೋರ್ಟಿಂದ ಬಂದೋನು ಚಪ್ಲಿ ಬುಡಲಿಲ್ಲ, ಒಂದ್ ಲೋಟ ಕಾಪಿ ಕುಡೀಲಿಲ್ಲ, ನೀರು ಚೆಲ್ತಾ ನಿಂತವ್ನೆ. ಬುದ್ದಿಗಿದ್ದಿ ಕೆಟ್ಟೋಯ್ತಾ?"

"ಈ ಡ್ರಮ್ಮಿನ ನೀರು ಕುಡೀಬ್ಯಾಡಿ. ಅನ್ನಕ್ಕೂ ಬ್ಯಾಡ, ಸಾರಿಗೂ ಬ್ಯಾಡ."

"ಓದ್ ಸಿವರಾತ್ರಿಯಿಂದ ಕುಡೀತಾ ಇಲ್ವಾ? ಸತ್ತೋದ್ವಾ?"

ಜಗುಲಿಯ ಕಂಬಕ್ಕೆ ಒರಗಿ ಕೂತಿದ್ದ ಮಗಳು ಪ್ರಿಯಾಂಕ ಕೈಯಲ್ಲಿದ್ದ ಲೋಟವನ್ನು ಮೆಲ್ಲಗೆ ನೆಲಕ್ಕಿಟ್ಟಳು. ಬಾಣಂತನಕ್ಕೆಂದು ತವರಿಗೆ ಬಂದವಳು. ಒಂದು ಕೈ ಹೊಟ್ಟೆಯ ಮೇಲಿಟ್ಟುಕೊಂಡು ಅಪ್ಪನ ಮುಖ ನೋಡಿದಳು. ಸಿದ್ದರಾಮು ಆ ನೋಟ ತಡೆಯಲಾರದೆ ಅಂಗಳದ ಕಡೆ ತಿರುಗಿದ. ನೀರೆಲ್ಲ ಇಂಗಿತ್ತು. ಮಣ್ಣಿಗೂ ಸುರಿಯಬಾರದು ಅಂತ ನೆನ್ನೆ ಅಧಿಕಾರಿ ಹೇಳಿದ್ದರಲ್ಲ ಎಂಬುದು ಅವನಿಗೆ ಆಗ ನೆನಪಾಯಿತು.

ಅವನು ವಿಮಾನ ನಿಲ್ದಾಣದ ಬೆಂಕಿ ನಂದಿಸುವ ದಳದಲ್ಲಿ ಗುತ್ತಿಗೆಯ ಕೆಲಸಗಾರ. ಕೊಳವೆ ಸುತ್ತುವುದು, ಬಿಚ್ಚುವುದು, ಬಂಡಿಗಳ ಹೊಟ್ಟೆಗೆ ನೀರು ಮತ್ತು ಬೆಂಕಿಯ ಮೇಲೆ ನೊರೆಯಾಗಿ ಹರಡುವ ಫೋಮು ತುಂಬುವುದು ಅವನ ಪಾಲಿನದು. ಹೋದ ವರ್ಷ ಹಳೇ ಫೋಮನ್ನು ತೆಗೆದು ಹೊಸದನ್ನು ತುಂಬುವ ಕೆಲಸ ಶುರುವಾಯಿತು. ಹಳೆಯದನ್ನು ಮುಚ್ಚಿದ ಟ್ಯಾಂಕರಿಗೆ ಹತ್ತಿಸಿದರು. ಬಂಡಿಗಳ ಒಳಗನ್ನು ತೊಳೆದರು, ಮತ್ತೆ ತೊಳೆದರು. ತೊಳೆದ ನೀರನ್ನೂ ಒಂದು ತೊಟ್ಟು ಚೆಲ್ಲದೆ ಟ್ಯಾಂಕರಿಗೇ ತುಂಬಿಸಿದರು. "ಇದೇನ್ಲಾ, ಎಂಜಲು ನೀರಿಗೆ ಇಷ್ಟೊಂದು ಮಡಿ" ಎಂದು ಹುಡುಗರು ನಗುತ್ತಿದ್ದರು. ಹಳೇ ಫೋಮು ಇದ್ದ ನೀಲಿ ಡ್ರಮ್ಮುಗಳು ಖಾಲಿಯಾಗಿ ಗೋಡೌನಿನ ಹಿಂದೆ ರಾಶಿ ಬಿದ್ದವು. ಗಟ್ಟಿ ಮಾಲು. ಬಿಸಿಲಿಗೆ ಸೀಳು ಬಿಡುವುದಿಲ್ಲ, ಎತ್ತಿ ಹಾಕಿದರೆ ಒಡೆಯುವುದಿಲ್ಲ. ಗುತ್ತಿಗೆಯ ಮೇಸ್ತ್ರಿ ಬೇಕಾದವರು ತಗೊಂಡು ಹೋಗಿ ಅಂದ. ಎಲ್ಲರೂ ತಗೊಂಡರು. ಸಿದ್ದರಾಮು ಎರಡನ್ನು ಹಲಗೂರಿನ ಕಡೆಗೆ ಬರುವ ತರಕಾರಿ ಲಾರಿಗೆ ಹಾಕಿಸಿದ.

ಮನೆಗೆ ತಂದು ಹುಣಸೆಹಣ್ಣು, ಬೂದಿ, ತೆಂಗಿನ ನಾರು ಹಾಕಿ ತಿಕ್ಕಿದ್ದ. ಮೊದಮೊದಲು ಎಷ್ಟು ನೀರು ಹಾಕಿದರೂ ನೊರೆ ಏಳುತ್ತಿತ್ತು. ನೊರೆ ನಿಂತ ದಿನ ಬೆಳ್ಳಮ್ಮ ಎರಡಕ್ಕೂ ಅರಿಶಿನ ಹಚ್ಚಿ, ಕುಂಕುಮ ಇಟ್ಟು, ಗಂಗಮ್ಮನ ಹೆಸರಿನಲ್ಲಿ ಕರ್ಪೂರ ಬೆಳಗಿದ್ದಳು.

ಯಾತಕ್ಕೆ ಅಷ್ಟೊಂದು ತೊಳೆದರು ಎಂಬುದು ತಿಳಿದದ್ದು ನೆನ್ನೆ. ರಘುನಂದನ್ ಎಂಬ ಅಧಿಕಾರಿ ಬಂದು ಎಲ್ಲರನ್ನೂ ಕೂರಿಸಿಕೊಂಡು ಹೊಸ ಫೋಮಿನ ಪಾಠ ಮಾಡಿದರು. ಒಳ್ಳೆಯ ಮನುಷ್ಯ, ಸಾವಧಾನವಾಗಿ ಮಾತಾಡುವವರು. ಹೊಸದು ಬೆಂಕಿಯ ಮೇಲೆ ಹರಡಲು ಒಂದಿಷ್ಟು ನಿಧಾನ, ಆದರೆ ಹಿಂದೆ ವಿಷ ಬಿಡುವುದಿಲ್ಲ ಅಂದರು. ಹಳೆಯದರಲ್ಲಿದ್ದದ್ದು ಸಾಯದ ಮದ್ದು. ಮಣ್ಣಿಗೆ ಬಿದ್ದರೆ ಮಣ್ಣಿನಲ್ಲಿ, ನೀರಿಗೆ ಬಿದ್ದರೆ ನೀರಿನಲ್ಲಿ, ಮೈಗೆ ಸೇರಿದರೆ ರಕ್ತದಲ್ಲಿ ಉಳಿದುಬಿಡುತ್ತದೆ. ಕೊಳೆಯುವುದಿಲ್ಲ, ಕರಗುವುದಿಲ್ಲ. "ಖಾಲಿ ಡ್ರಮ್ಮನ್ನೂ ಯಾರೂ ಬಳಸಬಾರದು. ತೊಳೆದರೂ ಬಳಸಬಾರದು. ಯಾರಾದರೂ ಮನೆಗೆ ಒಯ್ದಿದ್ದರೆ ಹೆದರಬೇಡಿ, ಹೇಳಿ" ಅಂದರು. ಯಾರೂ ಕೈ ಎತ್ತಲಿಲ್ಲ. ಸಿದ್ದರಾಮುವೂ ಎತ್ತಲಿಲ್ಲ. ಪಾಠ ಮುಗಿದ ಮೇಲೆ ಒಬ್ಬನೇ ಹೋಗಿ, ನಮ್ಮೂರಿನಲ್ಲಿ ಯಾರೋ ಅಂಥ ಡ್ರಮ್ಮಿನಲ್ಲಿ ಒಂದು ವರ್ಷ ನೀರು ಕುಡಿದಿದ್ದಾರೆ ಸಾರ್, ಏನಾಗುತ್ತದೆ ಅಂತ ಕೇಳಿದ. ರಘುನಂದನ್ ಅವನನ್ನೇ ದಿಟ್ಟಿಸಿ, "ಆಗುತ್ತೆ ಅಂತಲೂ ಹೇಳಲಾರೆ, ಆಗಲ್ಲ ಅಂತಲೂ ಹೇಳಲಾರೆ. ಇವತ್ತೇ ನಿಲ್ಲಿಸೋಕೆ ಹೇಳಿ" ಎಂದರು.

ಸಾಯದೆ ಇರುವುದು ಅಂದರೆ ದೇವರೊಬ್ಬ ಅಂತ ಅವನ ಅಪ್ಪ ತಂಬೂರಿ ಮೀಟಿ ಹಾಡುತ್ತಿದ್ದ. ಬಸ್ಸಿನ ಕಿಟಕಿಗೆ ತಲೆ ಕೊಟ್ಟು ಸಿದ್ದರಾಮು ದಾರಿಯುದ್ದಕ್ಕೂ ಅದನ್ನೇ ಯೋಚಿಸಿದ್ದ.

"ನಾನು ಕರಿಯಪ್ಪನೋರ ಮನೇಗ್ ಓಯ್ತೀನಿ" ಎಂದು ಅವನು ಖಾಲಿ ಡ್ರಮ್ಮನ್ನು ಗೋಡೆಗೆ ಒರಗಿಸಿದ.

ಬೆಳ್ಳಮ್ಮನ ದನಿ ತಗ್ಗಿತು. "ಅಲ್ಗ್ಯಾಕೆ? ಅರವಟ್ಟಿಗೆ ಡ್ರಮ್ಮಾ? ಸಂಜೆ ಸುಮ್ಕೆ ಎತ್ಕಂಡ್ ಬಂದ್ಬುಡು. ತೂತಾಗಿತ್ತು ಅನ್ನು."

"ಊರೋರೆಲ್ಲ ಕುಡ್ದವ್ರೆ ಕಣಮ್ಮೀ. ಯೋಳ್ದೆ ಎಂಗಿರ್ಲಿ?"

"ಬ್ಯಾಡ ಅಂತೀನಿ ನಾನು" ಎಂದಳು ಅವಳು. ಯಾಕೆ ಅಂತ ಹೇಳಲಿಲ್ಲ. ಒಳಗೆ ಮುದ್ದೆ ತಳ ಹಿಡಿಯುತ್ತಿದ್ದ ವಾಸನೆ ಬಂತು.

ಎರಡನೆಯ ಡ್ರಮ್ಮು ಅವರೂರು ತೊರೆಮಾದನಪುರದ ಗುಡಿಯ ಅರವಟ್ಟಿಗೆಯಲ್ಲಿತ್ತು. ಶಿವರಾತ್ರಿ ಹತ್ತಿರ ಬಂತೆಂದರೆ ಮಾದಪ್ಪನ ಬೆಟ್ಟಕ್ಕೆ ನಡೆಯುವವರು ಹಲಗೂರು ಹಾದು ಮಳವಳ್ಳಿಯ ಕಡೆಗೆ ಈ ರಸ್ತೆಯಲ್ಲೇ ಸಾಲಾಗಿ ಹೋಗುತ್ತಾರೆ. ಅವರಿಗೆ ನೀರು ಮಜ್ಜಿಗೆ ಕೊಡಲು ಗುಡಿಯ ಮುಂದೆ ಸೋಗೆ ಚಪ್ಪರ ಹಾಕುವುದು ಊರಿನ ಹಳೇ ಪದ್ಧತಿ. ಬೇಸಿಗೆ ಮುಗಿಯುವವರೆಗೂ ಚಪ್ಪರ ಇರುತ್ತದೆ, ನೀರಂತೂ ವರ್ಷಪೂರ್ತಿ. ಆ ಗುಡಿಗೆ ಯಾರು ಏನು ಕೊಟ್ಟರೂ ಅದರ ಮೇಲೆ ಹೆಸರು ಬರೆಸುತ್ತಾರೆ. ಗಂಟೆಗೆ, ಫ್ಯಾನಿಗೆ, ಕಲ್ಲುಬೆಂಚಿಗೆ, ಅನ್ನದ ತಪ್ಪಲೆಗೆ, ಸೌಟಿಗೆ ಕೂಡ. ಅಷ್ಟೂ ಹೆಸರುಗಳಲ್ಲಿ ಕೆಳಗಲ ಬೀದಿಯದೊಂದು ಇರಲಿಲ್ಲ. ಸಿದ್ದರಾಮುವಿನ ಅಪ್ಪ ಪುಟ್ಟಮಾದಯ್ಯ ಆ ಗುಡಿಯ ದೇವರ ಮಹಿಮೆಯನ್ನು ರಾತ್ರಿಗಟ್ಟಲೆ ಹಾಡಿದವನು. ಆದರೆ ಹಾಡಿದ್ದು ಬೇಲಿಯಾಚೆ ಬೇವಿನ ಮರದ ಕೆಳಗೆ ಕೂತು. ಬಾಯಾರಿದಾಗ ಅವನು ಬೊಗಸೆ ಒಡ್ಡುತ್ತಿದ್ದ, ಮೇಲಿನಿಂದ ಯಾರೋ ಸುರಿಯುತ್ತಿದ್ದರು.

ಡ್ರಮ್ಮು ಕೊಡುತ್ತೇನೆ ಅಂತ ಸಿದ್ದರಾಮು ಅಳುಕುತ್ತಲೇ ಕೇಳಿದ್ದ. ಗುಡಿಯ ಯಜಮಾನಿಕೆ ನೋಡುವ ಕರಿಯಪ್ಪ ಒಂದು ಗಳಿಗೆ ಸುಮ್ಮನಿದ್ದು, "ಕಾಲ ಬದ್ಲಾಗದೆ, ತಂದಿಡೋ" ಅಂದರು. ಹಲಗೂರಿನ ಪೇಂಟರು ಬಿಳಿ ಅಕ್ಷರದಲ್ಲಿ ಬರೆದ: ದಿವಂಗತ ಪುಟ್ಟಮಾದಯ್ಯನವರ ಜ್ಞಾಪಕಾರ್ಥ, ಮಗ ಸಿದ್ದರಾಮು. ಇಟ್ಟ ದಿನ ಕರಿಯಪ್ಪನವರೇ ನಲ್ಲಿ ತಿರುಗಿಸಿ ಲೋಟಕ್ಕೆ ಹಿಡಿದು ಎಲ್ಲರ ಎದುರಿಗೆ ಬಾಯಿಗೆ ಹಾಕಿಕೊಂಡರು. ಯಾರೋ ಫೋಟೋ ತೆಗೆದರು. ಆ ಫೋಟೋ ಇವತ್ತಿಗೂ ಸಿದ್ದರಾಮುವಿನ ಫೋನಿನ ಮೊದಲ ಪರದೆ.

ಈಗ ಅವರ ಮನೆಯ ಮುಂದೆ ಅವನು ಚಪ್ಪಲಿ ಬಿಟ್ಟು ನಿಂತ. ಬೈಗುಳಕ್ಕೆ ಅವನು ಹೆದರಿರಲಿಲ್ಲ. ಹೇಳಬೇಕಾದ ಮಾತಿಗೇ ಹೆದರಿದ್ದ. ನಮ್ಮ ನೀರು ನಿಮಗೆ ಕೇಡು. ಅಪ್ಪನ ಕಾಲದವರು, ಅವನ ಅಪ್ಪನ ಕಾಲದವರು ಇವರ ಬಾಯಿಂದ ಕೇಳಿಸಿಕೊಂಡು ಬಂದದ್ದು ಇದೇ ಮಾತು. ಅದನ್ನು ಇವತ್ತು ತಾನೇ ಬಂದು, ತನ್ನ ಬಾಯಿಂದಲೇ ಒಪ್ಪಿಸಬೇಕು.

"ಏನ್ಲಾ ಸಿದ್ರಾಮ! ಏರೋಪ್ಲೇನ್ ಇಳ್ಸ್‌ಬುಟ್ಟು ಬಂದ್ಯಾ?" ಕರಿಯಪ್ಪ ಜಗುಲಿಯ ಮೇಲೆ ಕೂತು ಪಾದಯಾತ್ರೆಯವರ ಮಜ್ಜಿಗೆಗೆ ಹಾಲಿನ ಡೈರಿಯವನ ಜೊತೆ ಫೋನಿನಲ್ಲಿ ಕೂಗಾಡುತ್ತಿದ್ದವರು ಅದನ್ನು ಕೆಳಗಿಟ್ಟರು. "ಕುಂತ್ಕೊ. ಏ ಇಂದ್ರಾ, ಸಿದ್ರಾಮ ಬಂದವ್ನೆ, ಕಾಪಿ ತತ್ತಾ."

ಅವರ ಹೆಂಡತಿ ಇಂದ್ರಮ್ಮ ಗಂಡನಿಗೆ ಸ್ಟೀಲ್ ಲೋಟದಲ್ಲಿ, ಇವನಿಗೆ ಪೇಪರ್ ಲೋಟದಲ್ಲಿ ಕಾಫಿ ತಂದಿಟ್ಟರು. "ಮಗಳು ಎಂಗವ್ಳೋ? ಊಟ ಸೇರ್ತದಾ?" ಅಂತ ಕೇಳಿದರು. ಕೇಳಿದ್ದು ಅಕ್ಕರೆಯಿಂದಲೇ.

ಸಿದ್ದರಾಮು ಜಗುಲಿಯ ಅಂಚಿಗೆ ಕೂತು ಹೇಳಿದ. ಬಸ್ಸಿನಲ್ಲಿ ಜೋಡಿಸಿಕೊಂಡಿದ್ದ ಮಾತೆಲ್ಲ ಕಲಸಿಹೋಯಿತು. ಫೋಮು, ಟ್ಯಾಂಕರು, ಸಾಯದ ಮದ್ದು, ರಘುನಂದನ್ ಸಾರು, ಎಲ್ಲ ಹಿಂದುಮುಂದಾಗಿ ಬಂತು. "ನಂಗೆ ಗೊತ್ತಿರ್ಲಿಲ್ಲ ಗೌಡ್ರೇ. ಮಾದಪ್ಪನಾಣೆ ಗೊತ್ತಿರ್ಲಿಲ್ಲ. ನಿಮ್ಮ ಮನೆ ಐಕ್ಳು, ಮೊಮ್ಮಕ್ಳು ಎಲ್ಲಾ ಒಂದ್ಸಾರಿ ಡಾಕ್ಟ್ರಿಗೆ ತೋರ್ಸ್ಕಳಿ. ನನ್ನ ಏನ್ ಬೇಕಾದ್ರೂ ಅನ್ನಿ."

ಕರಿಯಪ್ಪನ ಮುಖ ಬಿಗಿಯಿತು. "ಇದ್ನ ಇನ್ಯಾರಿಗ್ ಯೋಳ್ದೆ?"

"ಮನೇಲಿ ಬುಟ್ರೆ ನಿಮಗೇ ಮೊದ್ಲು."

"ಅರವಟ್ಟಿಗೇದಾ? ಆ ನೀಲಿ ಡ್ರಮ್ಮು ಒಂದೇ ತಾನೆ?"

"ಊಂ."

ಕರಿಯಪ್ಪ ಉಸಿರು ಬಿಟ್ಟು ಗೋಡೆಗೆ ಒರಗಿದರು. ಆಮೇಲೆ ನಕ್ಕರು. ಕೇಡಿನ ನಗುವಲ್ಲ, ಭಯ ಹೋದವರ ನಗು. "ಥೂ, ಒಂದ್ ಗಳಿಗೆ ಎದೆ ಹಿಡ್ಕಂಡಂಗಾಯ್ತಲ್ಲೋ. ಗಾಬರಿ ಬೀಳ್ಬ್ಯಾಡ. ಆ ಡ್ರಮ್ಮಿನ ನೀರ ನಮ್ಮೋರು ಯಾರೂ ಕುಡ್ದಿಲ್ಲ."

ಸಿದ್ದರಾಮುವಿಗೆ ಅರ್ಥವಾಗಲಿಲ್ಲ. "ಯಾರೂ?"

"ಒಬ್ರೂ ಇಲ್ಲ ಕಣೋ, ದೇವ್ರಾಣೆ. ಗುಡಿ ಒಳ್ಗಡೆ ಸ್ಟೀಲ್ ಟ್ಯಾಂಕ್ ಅದಲ್ಲ, ಮಂಟಪದ ಪಕ್ಕ. ನಮ್ಮೋರೆಲ್ಲ ಅದ್ರಲ್ಲೇ ಹಿಡ್ಕಳಾದು. ಆಚೇದು ಮುಟ್ಬ್ಯಾಡಿ ಅಂತ ಐಕ್ಳಿಗೂ ಮೊದ್ಲೇ ಯೋಳಿದ್ದೋ."

ಆ ಸ್ಟೀಲ್ ಟ್ಯಾಂಕನ್ನು ಸಿದ್ದರಾಮು ಹೊರಗಿನಿಂದ ನೋಡಿದ್ದ. ದೇವರ ಅಭಿಷೇಕಕ್ಕೆ ಇರಬೇಕು ಅಂದುಕೊಂಡಿದ್ದ.

"ನೀವು ಕುಡುದ್ರಿ" ಎಂದ. "ಅವತ್ತು. ನನ್ನೆದ್ರಿಗೇ. ಫೋಟೋ ಅದೆ ನನ್ತಾವ."

ಕರಿಯಪ್ಪ ಕಾಫಿ ಲೋಟ ಕೆಳಗಿಟ್ಟರು. ಒಂದಿಷ್ಟು ಮುಜುಗರ ಅವರ ಮುಖದ ಮೇಲೆ ಸುಳಿದು ಹೋಯಿತು. "ಬಾಯಿಗ್ ಹಾಕಂಡಿದ್ದು ನಿಜ ಕಣೋ. ನೀನು ಅಷ್ಟು ಆಸೆಪಟ್ಟು ಹೆಸ್ರು ಬರ್ಸಿದ್ದೆ. ಮನ್ಸು ನೋಯಿಸ್ಬಾರ್ದು ಅಂತ. ಗುಡಿ ಹಿಂದ್ಕೋಗಿ ಉಗ್ದು, ಮನೇಗ್ ಬಂದು ತಲೆಗೆ ನೀರುಯ್ಕಂಡೆ. ಊರು ಅಂದ್ಮೇಲೆ ನಾಕು ಜನ ನಾಕು ತರ ಇರ್ತಾರೆ, ಎಲ್ರನ್ನೂ ಕಟ್ಕಂಡ್ ಓಗ್ಬೇಕಲ್ಲ ನಾನು. ಈಗ್ ನೋಡು, ಅದೇ ಒಳ್ಳೇದಾಯ್ತು. ದೇವ್ರು ದೊಡ್ಡೋನು."

ಒಳಗಿನಿಂದ ಇಂದ್ರಮ್ಮನೂ "ಊಂ ಮತ್ತೆ, ಅವ್ನು ಕಾಪಾಡ್ದ" ಅಂದರು.

ಪೇಪರ್ ಲೋಟ ಸಿದ್ದರಾಮುವಿನ ಬೆರಳುಗಳ ನಡುವೆ ಅಪ್ಪಚ್ಚಿಯಾಗಿ ಕಾಫಿ ಮಣಿಕಟ್ಟಿನ ಮೇಲೆ ಹರಿಯಿತು. ಬಿಸಿ ತಾಗಿದ್ದು ಅವನಿಗೆ ಗೊತ್ತಾಗಲಿಲ್ಲ.

"ಕೆಳಗಲ ಬೀದಿಯೋರೆಲ್ಲ ಕುಡ್ದವ್ರೆ" ಎಂದ ಕೊನೆಗೆ. "ಗುಡೀಲಿ ಪರ ಆಗಿ ಊಟ ಇಕ್ಕಿದಾಗ್ಲೆಲ್ಲ ಅದೇ ನೀರು. ಇಸ್ಕೂಲಿಂದ ಬರೋ ನಮ್ಮ ಐಕ್ಳು ಅದೇ ನೀರು. ನಡ್ಕಂಡ್ ಬರೋ ಜನ ಅದೇ ನೀರು."

"ಅದುಕ್ಕೇ ಯೋಳ್ತೀನಿ, ಎತ್ಕಂಡೋಗು. ಊರ್ಗೆಲ್ಲಾ ಡಂಗುರ ಬ್ಯಾಡ, ಸಿವರಾತ್ರಿ ಎದುರ್ಗದೆ. ನಿಮ್ಮೋರಿಗ್ ನೀನು ಯೋಳ್ಕೊ. ಹೊಸಾ ಡ್ರಮ್ಮು ನಾನೇ ತರಿಸ್ತೀನಿ, ಅಲ್ಲೇ ಅದೇ ಜಾಗ್ದಲ್ಲೇ ಇಕ್ಕಾನ. ಹೆಸ್ರು ನಿಮ್ಮಪ್ಪಂದೇ ಇರ್ಲಿ. ಸರೀನಾ?"

ಸಿದ್ದರಾಮು ಎದ್ದ. ಮೆಟ್ಟಿಲಿಳಿಯುವಾಗ ಇಂದ್ರಮ್ಮ ಹಿಂದಿನಿಂದ ಕೂಗಿದರು, "ಲೋಟ ಆಚೆ ತಿಪ್ಪೇಗ್ ಬಿಸಾಕ್ಬುಡೋ ಸಿದ್ರಾಮ."

ಗುಡಿಯ ಕಡೆ ಬರುವಷ್ಟರಲ್ಲಿ ಬಿಸಿಲು ಏರಿತ್ತು. ಚಪ್ಪರದ ನೆರಳಿನಲ್ಲಿ ಕೆಂಪಸಿದ್ದಯ್ಯ ಒಬ್ಬನೇ ಕೂತಿದ್ದ. ಅಪ್ಪ ತಂಬೂರಿ ಮೀಟುತ್ತಿದ್ದ ಕಾಲದಲ್ಲಿ ಪಕ್ಕದಲ್ಲಿ ಕೂತು ತಾಳ ಹಾಕುತ್ತ ದನಿಗೂಡಿಸುತ್ತಿದ್ದವನು. ಈಗ ದನಿ ಇಲ್ಲ, ಹಲ್ಲಿಲ್ಲ. ದಿನವೂ ಊಟವಾದ ಮೇಲೆ ಕೋಲೂರಿಕೊಂಡು ಬಂದು ಡ್ರಮ್ಮಿನ ನೀರು ಕುಡಿದು ಅಲ್ಲೇ ಮಲಗುವುದು ಅವನ ರೂಢಿ. ಇವತ್ತೂ ಲೋಟ ತುಂಬಿಸಿಕೊಂಡಿದ್ದ.

"ಕುಡೀಬ್ಯಾಡ ದೊಡ್ಡಪ್ಪ" ಎಂದು ಸಿದ್ದರಾಮು ಲೋಟಕ್ಕೆ ಕೈ ಹಾಕಿದ. "ನೀರು ಸರಿಯಿಲ್ಲ. ವಿಸ ಅದೆ ಅದ್ರಲ್ಲಿ. ಡ್ರಮ್ಮಿನ ವಿಸ."

ಮುದುಕ ಲೋಟ ಬಿಡಲಿಲ್ಲ. "ಯಾವನ್ಲಾ ಯೋಳ್ದೋನು?"

"ನಮ್ಮ ಆಪೀಸರು. ಇದ್ರಲ್ಲಿ ಮದ್ದು ತುಂಬಿದ್ರಂತೆ, ತೊಳುದ್ರೂ ಓಗಕಿಲ್ವಂತೆ."

"ನಂಗೀಗ ಮದ್ದೇನ್ ಮಾಡದು ಬುಡ್ಲಾ. ಓಗೋ ಜೀವ."

"ನೀನಲ್ಲ, ಎಲ್ರೂ ಕುಡೀತಾವ್ರೆ. ಎಲ್ರೂ..." ಸಿದ್ದರಾಮುವಿನ ಮಾತು ಅಲ್ಲಿಗೆ ನಿಂತಿತು. ಹೇಳದೆ ಇದ್ದರೆ ಇವನು ಕುಡಿಯುವುದು ಬಿಡುವುದಿಲ್ಲ. ಹೇಳಿದರೆ ಇವನಿಗೆ ಉಳಿದಿರುವ ಸಣ್ಣ ಹೆಮ್ಮೆಯೊಂದು ಇವತ್ತೇ ಸತ್ತುಹೋಗುತ್ತದೆ. ಅವನು ಕಣ್ಣು ಮುಚ್ಚಿ ಹೇಳಿಬಿಟ್ಟ. "ಎಲ್ರೂ ಅಲ್ಲ ದೊಡ್ಡಪ್ಪ. ಗೌಡ್ರು ಯಾರೂ ಇದ್ರಲ್ಲಿ ಕುಡ್ದೇ ಇಲ್ಲ. ನಾವೇ ಕುಡ್ದಿರಾದು. ನಾವೊಬ್ರೇ."

ಕೆಂಪಸಿದ್ದಯ್ಯ ಅವನನ್ನು ನೋಡಿದ. ಆ ಮಸುಕು ಕಣ್ಣಿನಲ್ಲಿ ಆಶ್ಚರ್ಯವಿರಲಿಲ್ಲ.

"ಗೊತ್ತು ಕಣ್ಲಾ ಮಗ."

"ಏನ್ ಗೊತ್ತು?"

"ದಿನಾ ಇಲ್ಲೇ ಬಿದ್ದಿರ್ತೀನಲ್ಲ, ಕಣ್ಣು ಕಾಣ್ದೆ ಇದ್ರೂ ಕಾಲ್ ಸದ್ದು ಕೇಳ್ತದೆ. ಯಾವ ಕಾಲು ಇಲ್ಲಿ ನಿಲ್ತದೆ, ಯಾವ ಕಾಲು ಸೀದಾ ಒಳೀಕೋಯ್ತದೆ ಅಂತ. ಬೀದಿಗೆಲ್ಲಾ ಗೊತ್ತು."

"ಬೀದಿಗೆಲ್ಲಾ?"

"ನಿನ್ನೆಂಡ್ರೇ ಬಂದು ಯೋಳುದ್ಲು, ಅವುನ್ಗೆ ಮಾತ್ರ ತಿಳ್ಸ್‌ಬ್ಯಾಡಿ, ಅಪ್ಪನ ಹೆಸ್ರು ಗುಡಿ ಮುಂದೆ ಬಂತು ಅಂತ ಕುಣೀತಾವ್ನೆ ಅಂತ. ಅದುಕ್ಕೆ ನಾವೂ ಸುಮ್ಕಿದ್ದೋ. ನೀನು ರಜಕ್ ಬಂದಾಗ ನಾಕು ಜನ ಜಾಸ್ತೀನೇ ಬಂದು ಕುಡ್ದು ಓಯ್ತಿದ್ದೋ." ಮುದುಕ ಡ್ರಮ್ಮಿನ ಮೈ ಸವರಿದ. ಅಕ್ಷರ ಅವನಿಗೆ ಓದಲು ಬರುವುದಿಲ್ಲ, ಆದರೆ ಬೆರಳು ಬಿಳಿ ಬಣ್ಣದ ಮೇಲೆಯೇ ಹೋಯಿತು. "ಪುಟ್ಟಮಾದ ಕೊಟ್ಟ ನೀರು ಅಂತ ಕುಡೀತಿದ್ದೋ ಕಣ್ಲಾ. ಅವ್ರು ಕುಡುದ್ರೇನು ಬುಟ್ರೇನು."

ಅವನು ಲೋಟವನ್ನು ಬಾಯಿಗೆ ಎತ್ತಲಿಲ್ಲ, ಚೆಲ್ಲಲೂ ಇಲ್ಲ. ಎರಡು ಕೈಯಲ್ಲಿ ಹಿಡಿದುಕೊಂಡು ಹಾಗೇ ಕೂತ. ಸಿದ್ದರಾಮು ಲೋಟವನ್ನು ಅವನ ಕೈಯಿಂದ ಬಿಡಿಸಿ ತೆಗೆದುಕೊಂಡ. ತೆಗೆದುಕೊಂಡ ಮೇಲೆ ಅದನ್ನು ಎಲ್ಲಿ ಚೆಲ್ಲಬೇಕೋ ತಿಳಿಯದೆ, ಮುಚ್ಚಳ ತೆಗೆದು ಡ್ರಮ್ಮಿಗೇ ಸುರಿದ.

ಹಲಗೂರಿನ ದಿಕ್ಕಿನಿಂದ ಪದ ಕೇಳಿಸಿತು. ಮೊದಲು ಒಬ್ಬನ ದನಿ, ಹಿಂದೆ ಹತ್ತಾರು ದನಿ. ಈ ಸಲದ ಮೊದಲ ಗುಂಪು. ಬರಿಗಾಲು, ತಲೆಯ ಮೇಲೆ ಗಂಟು, ಹಣೆಯ ತುಂಬ ಬೂದಿ. ಡಾಂಬರು ಕಾದಿತ್ತು. ಚಪ್ಪರ ಕಂಡದ್ದೇ ಪದ ನಿಂತು ಕಾಲುಗಳು ಬಿರುಸಾದವು.

ಸಿದ್ದರಾಮು ಡ್ರಮ್ಮಿನ ಮುಂದೆ ಕುಕ್ಕರಗಾಲಿನಲ್ಲಿ ಕೂತು ನಲ್ಲಿಯನ್ನು ಬಿಗಿಯಾಗಿ ತಿರುಗಿಸಿದ. ಅದರ ವಾಷರು ಸವೆದಿತ್ತು, ಎಷ್ಟು ತಿರುಗಿಸಿದರೂ ನಿಲ್ಲಲಿಲ್ಲ. ಅಂಗೈಯಿಂದ ಮುಚ್ಚಿ ಹಿಡಿದ.

"ಅಣ್ಣಾ, ನೀರು." ಮುಂದೆ ಬಂದ ಹೆಂಗಸು ಖಾಲಿ ಬಾಟಲಿ ಚಾಚಿದಳು. ಅವಳ ಸೆರಗಿನಲ್ಲಿ ಮಗುವೊಂದು ಜೋಲಿ ಬಿದ್ದಿತ್ತು.

"ಇದ್ರಲ್ಲಿ ಇಲ್ಲ ಕಣವ್ವ. ಒಳ್ಗಡೆ ಅದೆ. ಮಂಟಪದ ಪಕ್ಕ, ಸ್ಟೀಲ್ ಟ್ಯಾಂಕು. ಅಲ್ಲಿ ಹಿಡ್ಕಳಿ."

ಹೆಂಗಸು ಗುಡಿಯ ಬಾಗಿಲನ್ನು ನೋಡಿದಳು, ಬಾಗಿಲ ಪಕ್ಕದ ಕಲ್ಲುಬೆಂಚಿನ ಮೇಲೆ ಕೂತಿದ್ದ ಊರಿನ ಗೌಡರಿಬ್ಬರನ್ನು ನೋಡಿದಳು. ಬಾಟಲಿಯನ್ನು ಎದೆಗೆ ಒತ್ತಿಕೊಂಡು ದನಿ ತಗ್ಗಿಸಿದಳು.

"ನಮ್ಮುನ್ನ ಒಳೀಕ್ ಬುಟ್ಟಾರಾ ಅಣ್ಣಾ?"

ಸಿದ್ದರಾಮು ಅಂಗೈಯನ್ನು ನಲ್ಲಿಗೆ ಇನ್ನಷ್ಟು ಒತ್ತಿ ಹಿಡಿದ. ಒಬ್ಬರ ಹಿಂದೆ ಒಬ್ಬರು ಬಂದು ಅವಳ ಹಿಂದೆ ಸಾಲು ನಿಂತರು. ಅವನ ಬೆರಳ ಸಂದಿಯಿಂದ ನೀರು ತೊಟ್ಟು ತೊಟ್ಟಾಗಿ ಬೀಳುತ್ತಲೇ ಇತ್ತು. ಸೆರಗಿನೊಳಗಿನ ಮಗು ಅದನ್ನೇ ನೋಡುತ್ತಿತ್ತು.